ಟೆನೆಟ್ ನೋಡುವುದು ಹೇಗೆ: ತಲೆ ಕೆಟ್ಟರೂ ದಿಕ್ಕು ತಪ್ಪದಿರಲಿ

ಟೆನೆಟ್ ಸಿನಿಮಾ ಮೊದಲ ಸಲ ನೋಡಿ ಎದ್ದಾಗ ನನಗೆ ಎರಡು ವಿಷಯ ಮಾತ್ರ ಗೊತ್ತಿತ್ತು. ಒಂದು, ನಾನು ಏನೋ ದೊಡ್ಡದನ್ನೇ ನೋಡಿದ್ದೇನೆ. ಎರಡು, ಅದು ಏನು ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಎರಡನೇ ಸಲ ನೋಡುವಾಗ ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ ಯೋಚನೆ ಮಾಡಿದೆ. ಅದು ಇನ್ನೂ ದೊಡ್ಡ ತಪ್ಪು. ಮೂರನೇ ಸಲ ಒಂದು ಹಾಳೆ, ಎರಡು ಬಣ್ಣದ ಪೆನ್ನು ಇಟ್ಟುಕೊಂಡು ಕೂತೆ. ಆಗ ಗಂಟು ಬಿಚ್ಚಿಕೊಂಡಿತು. ನೀವು ಅಷ್ಟು ಸುತ್ತು ಹೊಡೆಯುವುದು ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ಕ್ರಿಸ್ಟೋಫರ್ ನೋಲನ್ ಬರೆದು ನಿರ್ದೇಶಿಸಿದ ಈ ಸಿನಿಮಾ 2020ರ ಆಗಸ್ಟ್ ಕೊನೆಗೆ ಹಲವು ದೇಶಗಳಲ್ಲಿ ತೆರೆಗೆ ಬಂತು. ಉದ್ದ 150 ನಿಮಿಷ. ಮೇಲ್ನೋಟಕ್ಕೆ ಇದು ಅಪ್ಪಟ ಗೂಢಚಾರಿ ಕಥೆ. ಜಗತ್ತನ್ನು ಉಳಿಸಬೇಕಾದ ಏಜೆಂಟ್, ಶಸ್ತ್ರಾಸ್ತ್ರ ಮಾರುವ ರಷ್ಯನ್ ಶ್ರೀಮಂತ, ಅವನ ಕೈಯಲ್ಲಿ ಸಿಕ್ಕಿಬಿದ್ದ ಹೆಂಡತಿ, ದೋಣಿ, ವಿಮಾನ, ಕಾರು ಎಲ್ಲವೂ ಇವೆ. ಗೊಂದಲ ಬರುವುದು ಕಥೆಯಿಂದಲ್ಲ, ದಿಕ್ಕಿನಿಂದ. ಕೆಲವರು ಕಾಲದಲ್ಲಿ ಮುಂದಕ್ಕೆ ಹೋಗುತ್ತಿರುತ್ತಾರೆ, ಕೆಲವರು ಹಿಂದಕ್ಕೆ ಬರುತ್ತಿರುತ್ತಾರೆ, ಇಬ್ಬರೂ ಒಂದೇ ಕೋಣೆಯಲ್ಲಿ ಹೊಡೆದಾಡುತ್ತಾರೆ.

ಮೊದಲು ಕಿವಿಗೆ ವ್ಯವಸ್ಥೆ ಮಾಡಿ

ತುಂಬಾ ಜನ ಈ ಸಿನಿಮಾ ಅರ್ಥವಾಗಲಿಲ್ಲ ಅಂದುಕೊಳ್ಳುತ್ತಾರೆ. ನಿಜ ಏನೆಂದರೆ ಅವರಿಗೆ ಅರ್ಧ ಮಾತು ಕೇಳಿಸಿಯೇ ಇರುವುದಿಲ್ಲ. ಮುಖ್ಯವಾದ ಮಾತುಗಳನ್ನು ಪಾತ್ರಗಳು ಮುಖವಾಡದ ಒಳಗಿಂದ, ಅಬ್ಬರಿಸುವ ಗಾಳಿಯ ನಡುವೆ, ಹಿನ್ನೆಲೆ ಸಂಗೀತ ಗುಡುಗುತ್ತಿರುವಾಗ ಆಡುತ್ತವೆ. ಬಿಡುಗಡೆಯಾದಾಗಲೇ ಈ ದೂರು ದೊಡ್ಡದಾಗಿ ಕೇಳಿಬಂದಿತ್ತು. ನಾನಂತೂ ಥಿಯೇಟರಿನಲ್ಲಿ ಕೂತು ನನ್ನ ಇಂಗ್ಲಿಷೇ ಸರಿಯಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದೆ. ಸುಮ್ನೆ ಬೇಜಾರು.

ಹಾಗಾಗಿ ಮೊದಲ ಕೆಲಸ, ಸಬ್‌ಟೈಟಲ್ ಹಾಕಿ. ಇಂಗ್ಲಿಷ್ ಚೆನ್ನಾಗಿ ಬರುವವರೂ ಹಾಕಿ. ಸಂಕೋಚ ಬೇಡ. ಟಿವಿಯಲ್ಲೋ ಸೌಂಡ್‌ಬಾರ್‌ನಲ್ಲೋ ಮಾತನ್ನು ಎತ್ತಿ ಕೊಡುವ ಆಯ್ಕೆ ಇದ್ದರೆ ಅದನ್ನು ಆನ್ ಮಾಡಿ. ಹೆಡ್‌ಫೋನ್ ಇದ್ದರೆ ಇನ್ನೂ ಒಳ್ಳೆಯದು. ಫೋನಿನ ಸ್ಕ್ರೀನಿನಲ್ಲಿ ಮಾತ್ರ ನೋಡಬೇಡಿ. ಗಾಜಿನಲ್ಲಿ ಒಂದು ತೂತು, ಚೀಲಕ್ಕೆ ಕಟ್ಟಿದ ಒಂದು ದಾರ, ಇಂಥ ಸಣ್ಣ ಸಣ್ಣ ಗುರುತುಗಳ ಮೇಲೇ ಕಥೆ ನಿಂತಿದೆ.

ರಾತ್ರಿ ಹನ್ನೊಂದಕ್ಕೆ ಶುರು ಮಾಡುವುದೂ ಬೇಡ. ಎರಡೂವರೆ ಗಂಟೆ ಎಚ್ಚರವಾಗಿರುವ ತಲೆ ಬೇಕು.

ಒಂದೇ ಒಂದು ನಿಯಮ ತಲೆಯಲ್ಲಿರಲಿ

ಇದನ್ನು ಮೊದಲೇ ತಿಳಿದುಕೊಂಡರೆ ಕಥೆಯ ಮಜಾ ಕೆಡುವುದಿಲ್ಲ, ಧೈರ್ಯವಾಗಿ ಓದಿ.

ನಾವು ನೋಡಿರುವ ಬೇರೆ ಟೈಮ್ ಟ್ರಾವೆಲ್ ಕಥೆಗಳಲ್ಲಿ ಒಂದು ಯಂತ್ರ ಇರುತ್ತದೆ. ಒಳಗೆ ಕೂತು ಗುಂಡಿ ಒತ್ತಿದರೆ ನೂರು ವರ್ಷ ಹಿಂದಕ್ಕೆ ಜಿಗಿತ. ಇಲ್ಲಿ ಜಿಗಿತವೇ ಇಲ್ಲ. ಹಿಂದಕ್ಕೆ ಹೋಗಬೇಕು ಅಂದರೆ ನಡೆದುಕೊಂಡೇ ಹೋಗಬೇಕು. ಒಂದು ವಾರ ಹಿಂದಕ್ಕೆ ಹೋಗಬೇಕಾದರೆ ಒಂದು ವಾರ ಪೂರ್ತಿ ಹಿಮ್ಮುಖವಾಗಿ ಬದುಕಬೇಕು. ಆ ಏಳು ದಿನವೂ ಊಟ, ನಿದ್ದೆ ಎಲ್ಲ ಆಗಬೇಕು, ವಯಸ್ಸೂ ಏಳು ದಿನ ಏರುತ್ತದೆ. ಅದಕ್ಕೇ ಸಿನಿಮಾದಲ್ಲಿ ಪಾತ್ರಗಳು ಸರಕು ಸಾಗಿಸುವ ಕಂಟೇನರ್ ಒಳಗೆ ಸುಮ್ಮನೆ ಕೂತಿರುವ ದೃಶ್ಯಗಳಿವೆ. ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಆದರೆ ಅವರು ಪ್ರಯಾಣದಲ್ಲಿದ್ದಾರೆ, ಹಿಂದಕ್ಕೆ.

ಈ ದಿಕ್ಕು ಬದಲಾಯಿಸಲು ಒಂದು ತಿರುಗುಬಾಗಿಲು ಇದೆ. ಸಿನಿಮಾದಲ್ಲಿ ಅದನ್ನು ಟರ್ನ್‌ಸ್ಟೈಲ್ ಅನ್ನುತ್ತಾರೆ. ಒಂದು ಕಡೆಯಿಂದ ಒಳಗೆ ಹೋಗಿ ಇನ್ನೊಂದು ಕಡೆಯಿಂದ ಹೊರಬಂದರೆ ನಿಮ್ಮ ಕಾಲದ ದಿಕ್ಕು ತಿರುಗಿತು. ಮತ್ತೆ ಸರಿಯಾಗಬೇಕಾದರೆ ಮತ್ತೆ ಅಂಥದೇ ಬಾಗಿಲು ಹುಡುಕಬೇಕು. ನಡುವೆ ಗಾಜಿನ ಗೋಡೆ ಇರುತ್ತದೆ. ಕೆಂಪು ಬೆಳಕಿನ ಕಡೆ ಇರುವವರು ನಮ್ಮ ಹಾಗೆ ಮುಂದಕ್ಕೆ, ನೀಲಿ ಬೆಳಕಿನ ಕಡೆ ಇರುವವರು ಹಿಂದಕ್ಕೆ. ಈ ಬಣ್ಣದ ಆಟ ಎಷ್ಟು ಬೇಗ ಶುರುವಾಗುತ್ತದೆ ಗೊತ್ತಾ? ಕಥೆ ಶುರುವಾಗುವ ಮೊದಲು ಬರುವ ಎರಡು ಲಾಂಛನಗಳಲ್ಲೇ ಒಂದು ಕೆಂಪು, ಒಂದು ನೀಲಿ.

ಹೊರಗೆ ಬಂದಾಗ ಬೆಳಕಿನ ಬಣ್ಣ ಇರುವುದಿಲ್ಲ. ಆಗ ಮುಖವಾಡ ನೋಡಿ. ಹಿಂದಕ್ಕೆ ಹೋಗುತ್ತಿರುವವರ ಶ್ವಾಸಕೋಶಕ್ಕೆ ನಮ್ಮ ಗಾಳಿ ಒಗ್ಗುವುದಿಲ್ಲ, ಅದಕ್ಕೆ ಅವರು ತಮ್ಮದೇ ಗಾಳಿಯನ್ನು ಮುಖವಾಡದಲ್ಲಿ ತೆಗೆದುಕೊಂಡು ಹೋಗುತ್ತಾರೆ. ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಶುರುವಿನ ಒಪೆರಾ ದೃಶ್ಯದಲ್ಲೂ ಮುಖವಾಡಗಳಿವೆ, ಆದರೆ ಅಲ್ಲಿ ಅದು ಪ್ರೇಕ್ಷಕರನ್ನು ಮಲಗಿಸಲು ಬಿಟ್ಟ ಗ್ಯಾಸಿನಿಂದ ತಪ್ಪಿಸಿಕೊಳ್ಳಲು. ಅಲ್ಲೇ ಲೆಕ್ಕ ಹಾಕಲು ಹೋಗಿ ನಾನು ಮೊದಲ ಹತ್ತು ನಿಮಿಷದಲ್ಲೇ ಮುಗ್ಗರಿಸಿದ್ದೆ.

ಮೊದಲ ಒಂದು ಗಂಟೆ: ನಿಲ್ಲಿಸಬೇಡಿ, ಆದರೆ ಎರಡು ಕಡೆ ಕಿವಿ ನಿಮಿರಿಸಿ

ಶುರುವಿನ ಕೀವ್ ಒಪೆರಾ ದಾಳಿ ಬಹಳ ವೇಗವಾಗಿ ಹೋಗುತ್ತದೆ. ಯಾರು ಯಾರ ಕಡೆಯವರು ಅಂತ ಪೂರ್ತಿ ಗೊತ್ತಾಗಲ್ಲ, ಗೊತ್ತಾಗಬೇಕಾದ್ದೂ ಇಲ್ಲ. ಒಂದನ್ನು ಮಾತ್ರ ನೆನಪಿಟ್ಟುಕೊಳ್ಳಿ. ನಾಯಕನ ಪ್ರಾಣ ಉಳಿಸುವ ಒಬ್ಬ ಮುಖ ಕಾಣದ ಮನುಷ್ಯ ಇದ್ದಾನೆ. ಅವನ ಬೆನ್ನಿನ ಚೀಲದಿಂದ ಒಂದು ಕೆಂಪು ದಾರ ನೇತಾಡುತ್ತಿರುತ್ತದೆ. ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ.

ನಾಯಕನ ಹೆಸರು ಏನು ಅಂತ ಹುಡುಕಬೇಡಿ. ಹೆಸರಿಲ್ಲ. ಜಾನ್ ಡೇವಿಡ್ ವಾಷಿಂಗ್ಟನ್ ಮಾಡಿದ ಈ ಪಾತ್ರಕ್ಕೆ ಬರೀ ‘ಪ್ರೊಟ್ಯಾಗನಿಸ್ಟ್’, ಅಂದರೆ ಕಥಾನಾಯಕ, ಅಂತಷ್ಟೇ ಕರೆಯುತ್ತಾರೆ.

ಕಿವಿ ನಿಮಿರಿಸಬೇಕಾದ ಮೊದಲ ಜಾಗ ಪ್ರಯೋಗಾಲಯದ ದೃಶ್ಯ. ಒಬ್ಬ ವಿಜ್ಞಾನಿ ನಾಯಕನ ಮುಂದೆ ಮೇಜಿನ ಮೇಲೆ ಗುಂಡುಗಳನ್ನು ಇಡುತ್ತಾಳೆ. ಅವನು ಕೈ ಮೇಲೆ ಹಿಡಿದರೆ ಗುಂಡು ಅಲುಗುವುದಿಲ್ಲ. ತಾನು ಅದನ್ನು ಕೈಯಿಂದ ಬಿಟ್ಟೆ ಅನ್ನುವ ಭಾವನೆ ಅವನಲ್ಲಿ ಬರಬೇಕು. ಬಂದ ತಕ್ಷಣ ಗುಂಡು ಮೇಜಿನಿಂದ ಹಾರಿ ಕೈಗೆ ಬರುತ್ತದೆ. ಇದು ಯಾಕೆ? ಗುಂಡಿನ ಕಡೆಯಿಂದ ನೋಡಿ. ಅದು ಹಿಂದಕ್ಕೆ ಹೋಗುತ್ತಿದೆ. ಅದರ ಲೆಕ್ಕದಲ್ಲಿ ಅವನು ಅದನ್ನು ಬಿಟ್ಟ, ಅದು ಕೆಳಗೆ ಬಿತ್ತು. ನಮ್ಮ ಕಡೆಯಿಂದ ಅದೇ ಘಟನೆ ಉಲ್ಟಾ ಕಾಣುತ್ತದೆ, ಬಿದ್ದಿದ್ದು ಎದ್ದು ಕೈ ಸೇರುತ್ತದೆ. ಬಿಡುವವನೇ ಇಲ್ಲದಿದ್ದರೆ ಹಿಡಿಯುವುದೂ ಇಲ್ಲ. ಇಡೀ ಸಿನಿಮಾದ ಬೀಗದ ಕೈ ಈ ಮೇಜಿನ ಮೇಲೇ ಇದೆ. ಈ ಒಂದು ದೃಶ್ಯವನ್ನು ಬೇಕಾದರೆ ಎರಡು ಸಲ ನೋಡಿ, ನಿಲ್ಲಿಸಬೇಡಿ ಅಂದ ನನ್ನ ಮಾತಿಗೆ ಇದೊಂದು ವಿನಾಯಿತಿ.

ಅದೇ ವಿಜ್ಞಾನಿ ನಾಯಕನಿಗೆ, ಅರ್ಥ ಮಾಡಿಕೊಳ್ಳಲು ಒದ್ದಾಡಬೇಡ, ಅನುಭವಿಸು ಅನ್ನುವ ಧಾಟಿಯಲ್ಲಿ ಬುದ್ಧಿ ಹೇಳುತ್ತಾಳೆ. ಅದು ನಮಗೂ ಹೇಳಿದ್ದೇ. ಆದರೆ ನಿಜ ಹೇಳಬೇಕೆಂದರೆ ಆ ಮಾತನ್ನು ಪೂರ್ತಿ ನಂಬಬೇಡಿ. ಬರೀ ಅನುಭವಿಸಲು ಹೋದರೆ ಕೊನೆಯ ಅರ್ಧ ಗಂಟೆ ಬರೀ ಸದ್ದಾಗುತ್ತದೆ.

ಎರಡನೆಯ ಜಾಗ ಮುಂಬೈ. ಡಿಂಪಲ್ ಕಪಾಡಿಯಾ ಮಾಡಿದ ಪ್ರಿಯಾ ಪಾತ್ರ ಬಾಯಿ ತೆರೆದಾಗಲೆಲ್ಲ ಕಥೆಯ ಒಂದು ಗಂಟು ಬಿಚ್ಚುತ್ತದೆ. ಆಂದ್ರೇ ಸಾಟರ್ ಅನ್ನುವ ಖಳನಾಯಕನಿಗೂ ಮುಂದಿನ ಕಾಲದವರಿಗೂ ಏನು ನಂಟು ಅಂತ ಗೊತ್ತಾಗುವುದು ಇವಳಿಂದ. ಸಾಟರ್ ಪಾತ್ರ ಕೆನ್ನೆತ್ ಬ್ರಾನಾ ಅವರದ್ದು. ಮುಂಬೈಯಲ್ಲೇ ನೀಲ್ ಪರಿಚಯವಾಗುತ್ತಾನೆ, ಅಂದರೆ ರಾಬರ್ಟ್ ಪ್ಯಾಟಿನ್ಸನ್. ಮೊದಲ ಭೇಟಿಯಲ್ಲೇ ನಾಯಕ ಏನು ಕುಡಿಯುತ್ತಾನೆ ಅಂತ ನೀಲ್‌ಗೆ ಗೊತ್ತು. ಅದು ಹೇಗೆ ಅಂತ ಆಗ ಕೇಳಿಕೊಂಡು ಬದಿಗಿಡಿ.

ಉಳಿದದ್ದು, ಸ್ಪೇನಿನ ಚಿತ್ರಕಾರ ಗೋಯಾ ಹೆಸರಿನಲ್ಲಿ ಬರೆದ ನಕಲಿ ಚಿತ್ರ, ಸಾಟರ್‌ನ ಹೆಂಡತಿ ಕ್ಯಾಟ್‌ನ ಸಂಕಟ, ಇಟಲಿಯ ಸಮುದ್ರ, ಇವೆಲ್ಲ ಮಾಮೂಲಿ ಸ್ಪೈ ಸಿನಿಮಾ. ಸರಾಗವಾಗಿ ನೋಡಿಕೊಂಡು ಹೋಗಿ. ಕ್ಯಾಟ್ ಪಾತ್ರದಲ್ಲಿ ಎಲಿಜಬೆತ್ ಡೆಬಿಕಿ ಚೆನ್ನಾಗಿಯೇ ಮಾಡಿದ್ದಾರೆ. ಆದರೆ ಮಗ ಮಗ ಅಂತ ಅವಳು ಅಷ್ಟು ಹೇಳಿದರೂ ಆ ಮಗುವಿನ ಜೊತೆ ನಮಗೆ ಒಡನಾಟವೇ ಆಗುವುದಿಲ್ಲ. ಈ ಸಿನಿಮಾ ತಲೆಗೆ ಹತ್ತುವಷ್ಟು ಎದೆಗೆ ಇಳಿಯುವುದಿಲ್ಲ ಅನ್ನುವ ದೂರಿನಲ್ಲಿ ಹುರುಳಿದೆ.

ಗೊಂದಲವಾದಾಗ ಕೇಳಿಕೊಳ್ಳಬೇಕಾದ ಪ್ರಶ್ನೆ

ಪಕ್ಕದಲ್ಲಿ ಕೂತವರು ಐದು ನಿಮಿಷಕ್ಕೊಮ್ಮೆ ‘ಏನಾಗ್ತಿದೆ ಇದು?’ ಅಂತ ಕೇಳಿಯೇ ಕೇಳುತ್ತಾರೆ. ನನ್ನ ತಮ್ಮ ಜೊತೆಗಿದ್ದಾಗ ಹಾಗೇ ಆಯಿತು. ‘ಅಣ್ಣ, ಈ ಕಾರು ಯಾಕೆ ತಾನಾಗೇ ಎದ್ದು ಓಡ್ತಿದೆ?’ ನಾನು ವಿವರಿಸಲು ಹೋಗಿ ಇಬ್ಬರೂ ಮುಂದಿನ ದೃಶ್ಯ ಕಳೆದುಕೊಂಡೆವು. ಆಮೇಲೆ ಒಂದು ಒಪ್ಪಂದ ಮಾಡಿಕೊಂಡೆವು. ‘ಏನು’ ಮತ್ತು ‘ಯಾಕೆ’ ಕೇಳುವ ಹಾಗಿಲ್ಲ. ‘ಇವನು ಈಗ ಯಾವ ಕಡೆ ಹೋಗ್ತಿದ್ದಾನೆ?’ ಅಂತ ಮಾತ್ರ ಕೇಳಬಹುದು. ಉತ್ತರ ಒಂದೇ ಪದದ್ದು, ಮುಂದಕ್ಕೆ ಅಥವಾ ಹಿಂದಕ್ಕೆ.

ಇದು ಚೆನ್ನಾಗಿ ಕೆಲಸ ಮಾಡಿತು. ಟಾಲಿನ್ ನಗರದ ಹೆದ್ದಾರಿಯಲ್ಲಿ ನಡೆಯುವ ಕಾರು ಬೆನ್ನಟ್ಟುವ ದೃಶ್ಯದಲ್ಲಿ ಈ ಪ್ರಶ್ನೆಯೊಂದೇ ನಿಮ್ಮನ್ನು ಕಾಪಾಡುವುದು. ಮಗುಚಿ ಬಿದ್ದಿದ್ದ ಕಾರು ಎದ್ದು, ಹಿಮ್ಮುಖವಾಗಿ ಓಡುತ್ತದೆ. ಅದರೊಳಗೆ ಯಾರು? ಗೊತ್ತಿಲ್ಲ. ಯಾವ ಕಡೆ ಹೋಗುತ್ತಿದ್ದಾರೆ? ಹಿಂದಕ್ಕೆ. ಸದ್ಯಕ್ಕೆ ಅಷ್ಟು ಸಾಕು, ಮುಂದೆ ಹೋಗಿ.

ಟಾಲಿನ್ ಘಟನೆ ಆದ ಸ್ವಲ್ಪ ಹೊತ್ತಿಗೆ ನಾಯಕ ಮೊದಲ ಸಲ ತಿರುಗುಬಾಗಿಲು ದಾಟುತ್ತಾನೆ. ಅವನಿಗೆ ಒಬ್ಬ ಸೈನಿಕಳು ನಿಯಮಗಳನ್ನು ಪಟಪಟನೆ ಹೇಳುತ್ತಾಳೆ. ಸಬ್‌ಟೈಟಲ್ ಇಲ್ಲಿ ಬಹಳ ಮುಖ್ಯ. ಗಾಜಿನ ಆ ಕಡೆ ನಿಮ್ಮನ್ನೇ ನೀವು ನೋಡದಿದ್ದರೆ ಬಾಗಿಲೊಳಗೆ ಕಾಲಿಡಬೇಡಿ. ನಿಮ್ಮದೇ ಇನ್ನೊಂದು ದೇಹಕ್ಕೆ ಬರಿಮೈ ತಾಗಿಸಬೇಡಿ. ಬೆಂಕಿ ತಗುಲಿದರೆ ಸುಡುವುದಿಲ್ಲ, ಮೈ ಹೆಪ್ಪುಗಟ್ಟುತ್ತದೆ, ಯಾಕೆಂದರೆ ಶಾಖ ಹರಿಯುವ ದಿಕ್ಕೂ ತಿರುಗಿದೆ. ಆಮೇಲೆ ಅವನು ಹೊರಗೆ ಹೆಜ್ಜೆ ಇಡುತ್ತಾನೆ. ಹಕ್ಕಿಗಳು ಹಿಂದಕ್ಕೆ ಹಾರುತ್ತವೆ, ಗಾಳಿಯೂ ವಿಚಿತ್ರ, ನೆಲದ ಮೇಲಿನ ನೀರು ಕಾಲಿಡುವ ಮೊದಲೇ ಸಿಡಿಯಲು ಶುರುಮಾಡುತ್ತದೆ. ಇಡೀ ಸಿನಿಮಾದಲ್ಲಿ ನನಗೆ ಅತಿ ಇಷ್ಟವಾದ ನಿಮಿಷ ಅದು. ದೊಡ್ಡ ಸ್ಫೋಟ ಏನೂ ಇಲ್ಲ, ಒಬ್ಬ ಮನುಷ್ಯ ನಡೆಯುವುದನ್ನು ಮತ್ತೆ ಕಲಿಯುತ್ತಿದ್ದಾನೆ ಅಷ್ಟೇ.

ವಿರಾಮ ಬೇಕಿದ್ದರೆ ಬಾಗಿಲು ದಾಟುವ ಮೊದಲು ತೆಗೆದುಕೊಳ್ಳಿ. ನೀರು ಕುಡಿದು ಬನ್ನಿ. ಇಲ್ಲಿಂದ ಮುಂದೆ ಸಿನಿಮಾ ತಾನು ಬಂದ ದಾರಿಯಲ್ಲೇ ವಾಪಸ್ ಹೊರಡುತ್ತದೆ.

ಇನ್ನೂ ನೋಡದವರು ಇಲ್ಲಿ ನಿಲ್ಲಿಸಿ

ಮುಂದಿನದ್ದೆಲ್ಲ ಒಂದು ಸಲ ನೋಡಿ ಆದವರಿಗೆ. ಗುಟ್ಟುಗಳನ್ನು ಬಿಚ್ಚುತ್ತಿದ್ದೇನೆ.

ಒಂದು ಹಾಳೆ ಅಡ್ಡ ಇಟ್ಟುಕೊಳ್ಳಿ. ಎಡದಿಂದ ಬಲಕ್ಕೆ ನಾಲ್ಕು ಹೆಸರು ಬರೆಯಿರಿ: 14ನೇ ತಾರೀಕು (ಕೀವ್ ಒಪೆರಾ ದಾಳಿಯ ದಿನ), ಮುಂಬೈ, ಓಸ್ಲೋ, ಟಾಲಿನ್. ಈಗ ಕೆಂಪು ಪೆನ್ನಿನಲ್ಲಿ ನಾಯಕನ ದಾರಿಯನ್ನು 14ರಿಂದ ಟಾಲಿನ್‌ವರೆಗೆ ಎಳೆಯಿರಿ. ಟಾಲಿನ್‌ನಲ್ಲಿ ತಿರುಗಿಸಿ, ನೀಲಿ ಪೆನ್ನು ತೆಗೆದುಕೊಂಡು ಓಸ್ಲೋವರೆಗೆ ಹಿಂದಕ್ಕೆ ಬನ್ನಿ. ಓಸ್ಲೋದಲ್ಲಿ ಮತ್ತೆ ಕೆಂಪು, ಸ್ವಲ್ಪ ಮುಂದಕ್ಕೆ. ಆಮೇಲೆ ಮತ್ತೆ ನೀಲಿ, ಈ ಸಲ 14ರ ತನಕ. ಅಲ್ಲಿ ಕೊನೆಯ ಯುದ್ಧಕ್ಕೆ ಮತ್ತೆ ಕೆಂಪು. ಗೀಟು ಹಾವಿನ ಹಾಗೆ ಸುತ್ತಿಕೊಂಡಿರುತ್ತದೆ. ಅಷ್ಟೇ ಕಥೆ.

ಈಗ ಓಸ್ಲೋ ಮೇಲೆ ಬೆರಳಿಡಿ. ಅಲ್ಲಿ ಎಷ್ಟು ಗೀಟು ಸೇರಿವೆ ಎಣಿಸಿ. ಮೂರು. ಅಂದರೆ ವಿಮಾನ ಗುದ್ದಿದ ಆ ಗಳಿಗೆಯಲ್ಲಿ ಒಂದೇ ಕಟ್ಟಡದೊಳಗೆ ಒಬ್ಬನೇ ಮನುಷ್ಯ ಮೂರು ಕಡೆ ಇದ್ದಾನೆ. ಮೊದಲನೆಯವನು ಕಳ್ಳತನಕ್ಕೆ ಬಂದವನು, ಮುಖವಾಡದ ಅಪರಿಚಿತನ ಜೊತೆ ಕಾರಿಡಾರಿನಲ್ಲಿ ಹೊಡೆದಾಡುತ್ತಾನೆ. ಎರಡನೆಯವನೇ ಆ ಅಪರಿಚಿತ, ಹಿಂದಕ್ಕೆ ಬರುತ್ತಿರುವ ಅವನೇ. ಮೂರನೆಯವನು ಬಾಗಿಲು ದಾಟಿ ಮತ್ತೆ ಮುಂದಕ್ಕೆ ತಿರುಗಿ ಓಡಿಹೋಗುವ ಅವನೇ. ನೀಲ್ ಬೆನ್ನಟ್ಟಿ ಮುಖವಾಡ ಕೀಳುವುದು ಈ ಮೂರನೆಯವನದ್ದು. ನೋಡಿ ಬಿಟ್ಟುಬಿಡುತ್ತಾನೆ, ಯಾರಿಗೂ ಹೇಳುವುದಿಲ್ಲ. ಮೊದಲ ಸಲ ಆ ಮೌನ ನಮಗೆ ಅನುಮಾನ ತರಿಸುತ್ತದೆ. ಎರಡನೇ ಸಲ ಅದು ಸ್ನೇಹ ಅಂತ ಗೊತ್ತಾಗುತ್ತದೆ.

ಆ ಹೊಡೆದಾಟವನ್ನು ಎರಡು ಸಲ ನೋಡಿ, ಒಮ್ಮೆ ಮೊದಲ ಅರ್ಧದಲ್ಲಿ, ಒಮ್ಮೆ ಎರಡನೇ ಅರ್ಧದಲ್ಲಿ. ಮೊದಲ ಸಲ ಎದುರಾಳಿಯ ಒಂದೊಂದು ಚಲನೆಯೂ ಅಸಹಜ, ಬಿದ್ದವನು ನೆಲದಿಂದ ಎಳೆದ ಹಾಗೆ ಏಳುತ್ತಾನೆ. ಇದಕ್ಕಾಗಿ ನಟರು ಮತ್ತು ಸಾಹಸ ಕಲಾವಿದರು ಉಲ್ಟಾ ಹೊಡೆದಾಡುವುದನ್ನೇ ಅಭ್ಯಾಸ ಮಾಡಿದ್ದರು. ಗುದ್ದಿದ ವಿಮಾನವೂ ನಿಜವಾದ ಬೋಯಿಂಗ್ 747. ಚಿಕ್ಕ ಮಾದರಿ ಮಾಡಿ ತೋರಿಸುವ ಬದಲು ಹಳೆಯದೊಂದನ್ನು ಕೊಂಡು ಕಟ್ಟಡಕ್ಕೇ ನುಗ್ಗಿಸಿದರು. ಈ ಸಿನಿಮಾಕ್ಕೆ ವಿಷುಯಲ್ ಎಫೆಕ್ಟ್ಸ್‌ಗಾಗಿ ಆಸ್ಕರ್ ಬಂದಿದ್ದೇನೋ ನಿಜ, ಆದರೆ ಕಣ್ಣಿಗೆ ಕಾಣುವ ಎಷ್ಟೋ ವಿಷಯ ಕ್ಯಾಮೆರಾ ಮುಂದೆಯೇ ನಡೆದದ್ದು.

ಇನ್ನೂ ಒಂದು ಸಣ್ಣ ಗುರುತು. ಹಿಂದಕ್ಕೆ ಬರುತ್ತಿರುವಾಗ, ಹೊಡೆದಾಟಕ್ಕೂ ಮುಂಚೆಯೇ, ನಾಯಕನ ತೋಳಿನಲ್ಲಿ ಗಾಯವಾಗಿ ರಕ್ತ ಬರಲು ಶುರುವಾಗುತ್ತದೆ. ಯಾರೂ ಚುಚ್ಚಿಲ್ಲ. ಚುಚ್ಚುವವನು ಇನ್ನು ಮೇಲೆ ಸಿಗಬೇಕು, ಮತ್ತು ಅವನೇ ಇವನು. ಓಸ್ಲೋದ ಗಾಜಿನಲ್ಲಿ ಗುಂಡು ಹಾರುವ ಮೊದಲೇ ತೂತುಗಳಿರುವುದೂ ಇದೇ ಲೆಕ್ಕ.

ಕೊನೆಯ ಹತ್ತು ನಿಮಿಷದ ಯುದ್ಧ

ಇದು ಎಲ್ಲರೂ ಸೋಲುವ ಜಾಗ. ಎರಡು ದಂಡು, ತೋಳಿನ ಮೇಲೆ ಕೆಂಪು ಪಟ್ಟಿ ಒಂದಕ್ಕೆ, ನೀಲಿ ಪಟ್ಟಿ ಇನ್ನೊಂದಕ್ಕೆ. ಕೆಂಪಿನವರು ಯುದ್ಧವನ್ನು ಶುರುವಿನಿಂದ ಕೊನೆಗೆ ಮಾಡುತ್ತಾರೆ. ನೀಲಿಯವರು ಕೊನೆಯಿಂದ ಶುರುವಿಗೆ ಬರುತ್ತಾರೆ. ಹೋಗುವ ಮೊದಲೇ ಏನಾಯಿತು ಅಂತ ನೀಲಿಯವರ ಸುದ್ದಿ ಕೆಂಪಿನವರಿಗೆ ಸಿಕ್ಕಿರುತ್ತದೆ. ಇಕ್ಕಳದ ಎರಡು ಬಾಯಿ ಹಾಗೆ, ಎರಡೂ ಕಡೆಯಿಂದ ಹಿಡಿಯುವುದು.

ಸೈನಿಕರನ್ನೆಲ್ಲ ಹಿಂಬಾಲಿಸಲು ಹೋಗಬೇಡಿ. ಒಂದು ಸಲ ನಾಯಕನನ್ನು ಮಾತ್ರ ನೋಡಿ, ಅವನು ಕೆಂಪಿನವನು, ದಾರಿ ನೇರ. ಇನ್ನೊಂದು ಸಲ ಬರೀ ನೀಲ್‌ನನ್ನು ನೋಡಿ. ಅವನು ನೀಲಿಯವನಾಗಿ ಶುರುಮಾಡಿ, ಸುರಂಗದಲ್ಲಿ ಹೂಡಿದ ಬಲೆ ಕಂಡು, ನಡುವೆ ದಿಕ್ಕು ಬದಲಿಸಿ, ವಾಹನ ತಂದು ಗೆಳೆಯರನ್ನು ಮೇಲಕ್ಕೆ ಎಳೆಯುತ್ತಾನೆ. ಅವನ ದಾರಿ ಅಲ್ಲಿಗೂ ಮುಗಿಯುವುದಿಲ್ಲ.

ಇದೇ ಹೊತ್ತಿಗೆ ಕೀವ್‌ನಲ್ಲಿ ಒಪೆರಾ ದಾಳಿ ನಡೆಯುತ್ತಿದೆ ಅನ್ನುವುದನ್ನು ಮರೆಯಬೇಡಿ. ಸಿನಿಮಾ ಶುರುವಾದ ದಿನವೇ ಮುಗಿಯುವ ದಿನ. ಹೆಸರೂ ಹಾಗೇ ಇದೆ. ನಮ್ಮ ‘ವಿಕಟಕವಿ’ ಹೇಗೋ ಇಂಗ್ಲಿಷಿನ ಅಕ್ಷರಗಳಲ್ಲಿ ‘ಟೆನೆಟ್’ ಹಾಗೆ, ಎರಡೂ ಕಡೆಯಿಂದ ಒಂದೇ. ಅದರಲ್ಲಿ ಮುಂದಿನಿಂದ ಓದಿದರೂ ‘ಟೆನ್’, ಹಿಂದಿನಿಂದ ಓದಿದರೂ ‘ಟೆನ್’, ಹತ್ತು ನಿಮಿಷದ ಯುದ್ಧದ ಹಾಗೆ. ಇದು ನೋಲನ್ ಹುಟ್ಟುಹಾಕಿದ ಪದವಲ್ಲ. ಐದು ಲ್ಯಾಟಿನ್ ಪದಗಳ ಒಂದು ಹಳೆಯ ಚೌಕ ಇದೆ: ಸಾಟರ್, ಅರೆಪೊ, ಟೆನೆಟ್, ಒಪೆರಾ, ರೋಟಾಸ್. ಮೇಲಿನಿಂದ, ಕೆಳಗಿನಿಂದ, ಎಡದಿಂದ, ಬಲದಿಂದ ಹೇಗೆ ಓದಿದರೂ ಅವೇ ಪದಗಳು. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಪೊಂಪೇಯಿಯ ಗೋಡೆಯ ಮೇಲೂ ಅದು ಸಿಕ್ಕಿದೆ. ಈಗ ಸಿನಿಮಾ ನೆನಪಿಸಿಕೊಳ್ಳಿ. ಖಳನಾಯಕ ಸಾಟರ್. ನಕಲಿ ಚಿತ್ರ ಬರೆದವನು ಅರೆಪೊ. ಶುರುವಾಗುವುದು ಒಪೆರಾದಲ್ಲಿ. ಓಸ್ಲೋ ಗೋದಾಮಿನ ಕಂಪನಿ ಹೆಸರು ರೋಟಾಸ್.

ವಿಜ್ಞಾನ ಎಷ್ಟು ನಿಜ?

ಸ್ವಲ್ಪ. ಹಾಲಿಗೆ ಡಿಕಾಕ್ಷನ್ ಹಾಕಿ ಕಲಕಿದ ಮೇಲೆ ಮತ್ತೆ ಬೇರೆ ಮಾಡಲಾಗುವುದಿಲ್ಲ, ಅಲ್ವಾ? ಒಪ್ಪವಾಗಿದ್ದದ್ದು ಕಲಸಿಹೋಗುವ ಈ ಅಳತೆಗೆ ಎಂಟ್ರೊಪಿ ಅನ್ನುತ್ತಾರೆ. ಅದು ಒಟ್ಟಾರೆ ಏರುತ್ತಲೇ ಹೋಗುವುದರಿಂದಲೇ ನಿನ್ನೆ ಯಾವುದು, ನಾಳೆ ಯಾವುದು ಅಂತ ನಮಗೆ ತಿಳಿಯುತ್ತದೆ. ಇದಕ್ಕೆ ‘ಕಾಲದ ಬಾಣ’ ಅಂತ ಹೆಸರಿಟ್ಟವರು ಬ್ರಿಟನ್ನಿನ ಖಗೋಳ ವಿಜ್ಞಾನಿ ಆರ್ಥರ್ ಎಡಿಂಗ್ಟನ್, 1920ರ ದಶಕದಲ್ಲಿ. ಆದರೆ ಒಂದೊಂದೇ ಕಣದ ಮಟ್ಟಕ್ಕೆ ಇಳಿದರೆ ಭೌತಶಾಸ್ತ್ರದ ಹೆಚ್ಚಿನ ನಿಯಮಗಳಿಗೆ ಹಿಂದೆ ಮುಂದೆ ಅನ್ನುವುದೇ ಇಲ್ಲ. ಪಾಸಿಟ್ರಾನ್ (ಎಲೆಕ್ಟ್ರಾನಿನ ಹಾಗೇ ಇದ್ದು ವಿರುದ್ಧ ವಿದ್ಯುದಂಶ ಇರುವ ಕಣ) ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಎಲೆಕ್ಟ್ರಾನ್ ಅಂತ ನೋಡಬಹುದು ಅನ್ನುವುದು ಭೌತವಿಜ್ಞಾನಿಗಳಾದ ವೀಲರ್ ಮತ್ತು ಫೈನ್‌ಮನ್ ಅವರಿಂದ ಬಂದ ವಿಚಾರ, ನೀಲ್ ಅದನ್ನೇ ಹೇಳುತ್ತಾನೆ. ನಿಯಮ ಹೇಳಿಕೊಡುವ ಆ ಸೈನಿಕಳ ಹೆಸರೂ ವೀಲರ್. ಒಂದು ಇಡೀ ಮನುಷ್ಯನ ಎಂಟ್ರೊಪಿ ತಿರುಗಿಸುವ ಬಾಗಿಲು ಮಾತ್ರ ಪೂರ್ತಿ ಕಲ್ಪನೆ. ಗುಂಡು ಹೊಕ್ಕ ಗೋಡೆ ಕಟ್ಟುವಾಗಲೇ ಅದರಲ್ಲಿ ತೂತಿತ್ತಾ ಅಂತೆಲ್ಲ ಕೇಳಿದರೆ ಸಿನಿಮಾದ ಹತ್ತಿರ ಸರಿಯಾದ ಉತ್ತರ ಇಲ್ಲ. ಆ ಪ್ರಶ್ನೆ ಹಿಡಿದು ರಾತ್ರಿ ಕಳೆಯಬೇಡಿ, ನಾನು ಕಳೆದಿದ್ದೇನೆ.

ಮತ್ತೊಮ್ಮೆ ನೋಡುವಾಗ

ಲಡ್ವಿಗ್ ಯೋರಾನ್ಸನ್ ಅವರ ಸಂಗೀತ ಕೇಳಿ. ಕೆಲವು ಕಡೆ ಅದೇ ಉಲ್ಟಾ ನುಡಿಸಿದ ಹಾಗೆ ಉಬ್ಬಿ ಬಂದು ಥಟ್ಟನೆ ನಿಲ್ಲುತ್ತದೆ.

ಆಮೇಲೆ ನೀಲ್‌ನ ಮುಖ ನೋಡಿ. ಮುಂಬೈಯಲ್ಲಿ ಮೊದಲ ಸಲ ಕೈ ಕುಲುಕುವಾಗ ನಾಯಕನಿಗೆ ಅದು ಪರಿಚಯ, ನೀಲ್‌ಗೆ ಹಳೆಯ ಗೆಳೆಯನ ಭೇಟಿ. ಅಲ್ಲಿಂದ ಕೊನೆಯ ಸುರಂಗದವರೆಗೆ ಅವನ ಒಂದೊಂದು ನಗುವನ್ನೂ ಗಮನಿಸಿ. ಸುರಂಗದಲ್ಲಿ ಬೀಗ ಹಾಕಿದ ಬಾಗಿಲಿನ ಆ ಕಡೆ ಒಂದು ಹೆಣ ಬಿದ್ದಿರುತ್ತದೆ, ಅದು ಎದ್ದು ಗುಂಡಿಗೆ ಅಡ್ಡ ನಿಲ್ಲುತ್ತದೆ. ಅಲ್ಲಿ ನಿಲ್ಲಿಸಿ, ಅದರ ಬೆನ್ನಿನ ಚೀಲಕ್ಕೆ ಕಟ್ಟಿರುವ ಕೆಂಪು ದಾರ ನೋಡಿ. ಆಮೇಲೆ ಸಿನಿಮಾವನ್ನು ಶುರುವಿನ ಒಪೆರಾ ದೃಶ್ಯಕ್ಕೆ ತಿರುಗಿಸಿ.